ಒಂಬತ್ತು ಗಂಟೆಯ ಚೀಟಿ

ಫೆರ್ಮಿನ್ ಸೊರಿಯಾ ಸಿಕ್ಕಿದ್ದು ಮಧ್ಯಾಹ್ನ ಹನ್ನೆರಡೂವರೆಗೆ.

ನಾಯಿಗಳನ್ನು ನೋಡಿಕೊಳ್ಳುವ ಬೆನಿತೆಸ್ ಮೊದಲು ಕಂಡ. ಮಂಜುಗೋಡೆಯ ಬುಡದಲ್ಲಿ ಫೆರ್ಮಿನ್ ಕಾಲು ನೀಡಿ ಕೂತಿದ್ದ. ಬೆನ್ನು ಗೋಡೆಗೆ ಆನಿಸಿತ್ತು. ತಲೆಗೆ ಟೋಪಿ ಇರಲಿಲ್ಲ, ಕೈಗೆ ಗವುಸು ಇರಲಿಲ್ಲ. ದಪ್ಪ ಕೋಟು ಪಕ್ಕದಲ್ಲಿ ಬಿದ್ದಿತ್ತು.

"ಏಯ್, ಏಳೋ. ಇಲ್ಲಿ ಕೂತ್ಕೊಂಡ್ರೆ ಸಾಯ್ತೀಯ" ಎಂದು ಬೆನಿತೆಸ್ ಭುಜ ಹಿಡಿದು ಅಲುಗಿಸಿದ. ದೇಹ ಮರದ ಬೊಂಬೆಯ ಹಾಗೆ ಇಡಿಯಾಗಿ ವಾಲಿತು. ಬೆನಿತೆಸ್ ಸೀಟಿ ಊದಿದ. ಊದುತ್ತಲೇ ಇದ್ದ. ಉಳಿದವರು ಬಂದು ಅವನ ಬಾಯಿಂದ ಸೀಟಿಯನ್ನು ಕಿತ್ತುಕೊಳ್ಳಬೇಕಾಯಿತು.

ದಕ್ಷಿಣ ಧ್ರುವದಂಚಿನ ಅನಿಮಾಸ್ ಕೊಲ್ಲಿಯ ಸಂಶೋಧನಾ ನಿಲ್ದಾಣದಲ್ಲಿ ಆ ಚಳಿಗಾಲ ಏಳು ಜನ ಇದ್ದರು. ಅರ್ಜೆಂಟೀನಾದ ಹಡಗು ಫೆಬ್ರವರಿಯಲ್ಲಿ ಅವರನ್ನು ಬಿಟ್ಟು ಹೋಗಿತ್ತು. ಮತ್ತೆ ಬರುವುದು ನವೆಂಬರಿಗೆ. ಈಗ ಜೂನ್. ಸೂರ್ಯ ಮುಖ ತೋರಿಸಿ ಹದಿನೈದು ದಿನವಾಗಿತ್ತು. ನಡುಮಧ್ಯಾಹ್ನದಲ್ಲಿ ಎರಡು ಗಂಟೆ ಬೂದಿ ಬಣ್ಣದ ಬೆಳಕು ಬಂದು ಹೋಗುತ್ತಿತ್ತು, ಅಷ್ಟೆ.

ಹೆಣವನ್ನು ನಾಯಿಬಂಡಿಯ ಮೇಲೆ ಮಲಗಿಸಿದರು. ಕಾಲು ಮಡಚಲಿಲ್ಲ. ರೇಡಿಯೋ ನೋಡಿಕೊಳ್ಳುವ ತಾದೆಯೊ ಒಹೇದಾ ತನ್ನ ಟೋಪಿ ತೆಗೆದು ಹುಡುಗನ ತಲೆಗೆ ಹಾಕಿದ. ಐವತ್ತೇಳು ವರ್ಷದ ಮನುಷ್ಯ, ಇದು ಅವನ ನಾಲ್ಕನೆಯ ಚಳಿಗಾಲ. ಭಾನುವಾರ ಜಪಮಾಲೆ ಹೇಳಿಸುವವನೂ ಅವನೇ. ಎಲ್ಲರೂ ಅವನನ್ನು ಗೌರವದಿಂದ ದೋನ್ ತಾದೆಯೊ ಎನ್ನುತ್ತಿದ್ದರು.

"ಈಗ ಟೋಪಿ ಯಾಕೆ, ದೋನ್ ತಾದೆಯೊ?" ಎಂದ ಕ್ಯಾಪ್ಟನ್ ರೊಕಾಮೊರಾ ಮೆಲ್ಲಗೆ.

"ಇರಲಿ ಸಾಹೇಬ್ರೇ. ನಿಲ್ದಾಣದ ತನಕ."

ಕ್ಯಾಪ್ಟನ್ ಬಿದ್ದಿದ್ದ ಕೋಟನ್ನು ನೋಡಿದ. ಶಿಲುಬೆಯ ಗುರುತು ಮಾಡಿಕೊಂಡ. "ಬಿಳಿ ಹುಚ್ಚು" ಎಂದ. ಕತ್ತಲೆ ತಲೆಗೇರಿ ತಾನಾಗಿ ಹಿಮದೊಳಗೆ ನಡೆದುಹೋಗುವವರಿಗೆ ಅಲ್ಲಿ ಇಟ್ಟ ಹೆಸರು ಅದು.

* * *

ಡಾಕ್ಟರ್ ಪೆದೆರ್ನೆರಾ ಕೈ ತೊಳೆದುಕೊಂಡು ಹೊರಗೆ ಬಂದ.

"ತಲೆ ಹಿಂದೆ ಒಂದು ಬಾವು ಇದೆ. ಬಿದ್ದಾಗ ಮಂಜುಗಡ್ಡೆ ತಗುಲಿರಬಹುದು. ಬೇರೆ ಗಾಯ ಇಲ್ಲ. ಚಳಿಯಲ್ಲಿ ಸಾಯೋವಾಗ ಕೊನೆಗೆ ಮೈ ಉರಿದ ಹಾಗಾಗುತ್ತೆ. ಬಟ್ಟೆ ಕಿತ್ತು ಹಾಕ್ತಾರೆ."

"ಎಷ್ಟು ಹೊತ್ತಾಗಿದೆ?" ಎಂದು ಕೇಳಿದ ತಾದೆಯೊ.

"ಮೈ ಪೂರ್ತಿ ಸೆಟೆದು ಮರಗಟ್ಟಿದೆ. ಸಾಮಾನ್ಯವಾಗಿ ಐದಾರು ಗಂಟೆ ಬೇಕು. ಆದ್ರೆ ಒಂಬತ್ತು ಗಂಟೆ ಚೀಟಿಯಲ್ಲಿ ಚಳಿ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ ಅಂತ ಇದೆಯಲ್ಲ. ಅದರ ಮೇಲೆ ಆ ಬಿರುಗಾಳಿ. ಮೂರು ಗಂಟೆ ಸಾಕು."

ಕ್ಯಾಪ್ಟನ್ ತಾದೆಯೊನ ಕಡೆ ತಿರುಗಿದ. "ಆ ಚೀಟಿ ನಿಮ್ಮ ಕೈಗೆ ಬಂತಲ್ಲ?"

"ಬಂತು."

"ಅಂದ್ರೆ ಒಂಬತ್ತಕ್ಕೆ, ನಾನು, ಡಾಕ್ಟರು, ಎಂಜಿನಿಯರ್ ಇಸ್ಪೀಟಿಗೆ ಕೂತಾಗ, ಬದುಕಿದ್ದ."

"ಚೀಟಿ ಬಂತು, ಸಾಹೇಬ್ರೇ. ಅಷ್ಟು ನಾನು ಹೇಳಬಲ್ಲೆ."

ಅಲ್ಲಿನ ಕ್ರಮ ಹೀಗಿತ್ತು. ಫೆರ್ಮಿನ್ ಹವಾಮಾನ ವೀಕ್ಷಕ. ಮೂರು ಗಂಟೆಗೊಮ್ಮೆ ಹೊರಗೆ ಹೋಗಬೇಕು. ಹಗ್ಗ ಹಿಡಿದು ಅರವತ್ತು ಹೆಜ್ಜೆ ನಡೆದರೆ ನಾಲ್ಕು ಕಾಲಿನ ಬಿಳಿ ಪೆಟ್ಟಿಗೆ, ಅದರೊಳಗೆ ಉಷ್ಣಮಾಪಕಗಳು. ಓದಿಕೊಂಡು ಬಂದು, ಒಳಗಿನ ಕೋಣೆಯಲ್ಲಿ ಗಾಳಿಯ ಮುಳ್ಳನ್ನೂ ವಾಯುಭಾರವನ್ನೂ ನೋಡಿ, ಪುಸ್ತಕದಲ್ಲಿ ಬರೆದು, ಎಲ್ಲವನ್ನೂ ಐದೈದು ಅಂಕಿಯ ಸಂಕೇತಕ್ಕೆ ಇಳಿಸಿ, ಚೀಟಿಯನ್ನು ರೇಡಿಯೋ ಕೋಣೆಯ ಗೋಡೆಯ ಸೀಳಿನಿಂದ ಹಾಕುತ್ತಿದ್ದ. ತಗಡಿನ ಡಬ್ಬಿಯಲ್ಲಿ ಅದು ಬೀಳುತ್ತಿತ್ತು. ಇವತ್ತು ಹನ್ನೆರಡರ ಚೀಟಿ ಬೀಳದಿದ್ದಕ್ಕೇ ಎಲ್ಲರೂ ಅವನನ್ನು ಹುಡುಕಿ ಹೊರಟದ್ದು. ತಾದೆಯೊ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಗೋಡೆಗೆ ಬೆನ್ನು ಹಾಕಿ ಕೂತಿರುತ್ತಿದ್ದ. ಚೀಟಿ ಹಾಕುವ ಕೈಯನ್ನು ಅವನು ಎಂದೂ ನೋಡಿದವನಲ್ಲ.

"ಪಾಪ, ಮೇ ತಿಂಗಳಲ್ಲಿ ಆ ಹುಡುಗಿ ಮದುವೆ ಬೇಡ ಅಂತ ತಂತಿ ಕಳಿಸಿದಾಗಿನಿಂದ ಒಳಗೇ ಕರಗ್ತಾ ಇದ್ದ" ಎಂದ ಎಂಜಿನಿಯರ್ ಲಾರೆತಾ. ಹಿಮನದಿಯನ್ನು ಅಳೆಯಲು ಬಂದವನು. ಇದು ಅವನ ಮೊದಲ ಚಳಿಗಾಲ. ಮೃದು ಮಾತಿನವನು, ಎಲ್ಲರ ಹುಟ್ಟುಹಬ್ಬವೂ ಅವನಿಗೆ ನೆನಪಿರುತ್ತಿತ್ತು. "ನಾವು ಗಮನಿಸಬೇಕಾಗಿತ್ತು. ನಮ್ಮದೇ ತಪ್ಪು."

ಕ್ಯಾಪ್ಟನ್ ಒಂದು ಹಾಳೆಯನ್ನು ತಾದೆಯೊನ ಮುಂದೆ ಇಟ್ಟ. ಸಂಜೆ ಆರಕ್ಕೆ ಕೇಂದ್ರ ಕಚೇರಿಗೆ ಕಳಿಸಬೇಕಾದ ಸುದ್ದಿ. 'ಮನಸ್ಸಿನ ಸ್ಥಿಮಿತ ಕಳೆದುಕೊಂಡು ಸ್ವಇಚ್ಛೆಯಿಂದ ಹೊರಗೆ ಹೋಗಿ ಮೃತನಾಗಿದ್ದಾನೆ' ಎಂದು ಬರೆದಿತ್ತು.

ತಾದೆಯೊ ಓದಿದ. ಇನ್ನೊಮ್ಮೆ ಓದಿದ.

"ಕಾತಾಮಾರ್ಕಾದಲ್ಲಿ ಇವನ ತಾಯಿ ಇದ್ದಾಳೆ ಸಾಹೇಬ್ರೇ. ವಿಧವೆ. ಒಬ್ಬನೇ ಮಗ. ಆ ಊರಿನ ಪಾದ್ರಿ ತಾನಾಗಿ ತಂದುಕೊಂಡ ಸಾವಿಗೆ ಗಂಟೆ ಬಾರಿಸಲ್ಲ. ಮಗ ದೇವರಿಗೆ ಬೆನ್ನು ಹಾಕಿ ಹೋದ ಅಂತ ಅವಳು ಸಾಯೋ ತನಕ ಎದೆ ಬಡ್ಕೋತಾಳೆ."

"ನಾನೇನು ಮಾಡ್ಲಿ? ಸುಳ್ಳು ಬರೀಲಾ?"

"ಬೇಡ. ಆರು ಗಂಟೆ ತನಕ ಟೈಮ್ ಕೊಡಿ. ಆ ಹುಡುಗಿ ತಂತಿ ಬರ್ಕೊಂಡವನು ನಾನು. ಇವನ ಉತ್ತರ ಕಳಿಸಿದವನೂ ನಾನೇ. ನಿನಗೆ ಒಳ್ಳೇದಾಗಲಿ ಅಂತ ಎರಡೇ ಪದ. ಆಮೇಲೆ ನಕ್ಕ. ಈ ಭಾನುವಾರ ಅಮ್ಮನ ಜೊತೆ ಮಾತಾಡೋಕೆ ನನಗೆ ಸರದಿ ಇಡಿ ಅಂದ. ನಿನ್ನೆಯೂ ನೆನಪಿಸಿದ."

ಕ್ಯಾಪ್ಟನ್ ಗಡಿಯಾರ ನೋಡಿದ. "ಆರು. ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ."

ತಾದೆಯೊ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಇಂಥ ಸುದ್ದಿ ಹೇಗೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ಮಾರ್ಚಿನಲ್ಲಿ ಅವನ ಹೆಂಡತಿ ರೆಮೇದಿಯೊಸ್ ತೀರಿಕೊಂಡಳು. ಆ ಸುದ್ದಿಯನ್ನು ಇದೇ ಕುರ್ಚಿಯಲ್ಲಿ ಕೂತು, ಟಿಕ್ ಟಿಕ್ ಸದ್ದಿನಲ್ಲಿ, ಅಕ್ಷರ ಅಕ್ಷರವಾಗಿ ತಾನೇ ಬರೆದುಕೊಂಡಿದ್ದ. ಕೊನೆಯ ಅಕ್ಷರ ಬರುವ ತನಕ ಅದು ಯಾರ ಹೆಸರೆಂದು ನಂಬಿರಲಿಲ್ಲ.

* * *

ಅಡುಗೆಮನೆಯ ಬಾಗಿಲಿನಿಂದ ಹೊರಬೀಳುವಾಗ ಅವನ ಬೋಳುತಲೆಗೆ ಏನೋ ತಗುಲಿತು. ಸೂರಿನಿಂದ ಮೊಳದುದ್ದದ ಮಂಜುಕೋಲುಗಳು ಇಳಿಬಿದ್ದಿದ್ದವು. ನಿನ್ನೆ ಇರಲಿಲ್ಲ. ಒಂದನ್ನು ಮುರಿದು ಎಸೆದು ನಡೆದ. ಹಿಂದೆ ಬೆನಿತೆಸ್ ಲಾಂದ್ರ ಹಿಡಿದು ಬಂದ.

"ಏನು ಹುಡುಕ್ತೀರಾ ಮುದುಕಪ್ಪಾ? ಬೆಳಿಗ್ಗೆ ಏಳರಿಂದ ಹನ್ನೊಂದರ ತನಕ ಅಂಥ ಗಾಳಿ ಬೀಸಿದೆ. ನನ್ನ ಅಜ್ಜಿಯ ಪಾಪಗಳನ್ನೂ ಗುಡಿಸಿಕೊಂಡು ಹೋಗಿರುತ್ತೆ. ಹೆಜ್ಜೆ ಉಳೀತದಾ?"

"ಲಾಂದ್ರ ಕೆಳಗೆ ಹಿಡಿ. ಇನ್ನೂ ಕೆಳಗೆ. ನೆಲಕ್ಕೆ ತಾಗೋ ಹಾಗೆ."

ಬೆನಿತೆಸ್ ಹಿಡಿದ. ಬೆಳಕು ಹಿಮದ ಮೇಲೆ ಅಡ್ಡಲಾಗಿ ಹರಿಯಿತು. ಅವನ ಬಾಯಿ ಮುಚ್ಚಿತು.

ಬಿಳಿ ಪೆಟ್ಟಿಗೆಯಿಂದ ಮಂಜುಗೋಡೆಯ ಕಡೆಗೆ ಹೆಜ್ಜೆಗಳು ಸಾಲಾಗಿ ಎದ್ದು ನಿಂತಿದ್ದವು. ತಗ್ಗಾಗಿ ಅಲ್ಲ, ಉಬ್ಬಾಗಿ, ಒಂದೊಂದೂ ಪುಟ್ಟ ಪೀಠದ ಹಾಗೆ. ಮೆತ್ತನೆಯ ಹೊಸ ಹಿಮದ ಮೇಲೆ ಕಾಲಿಟ್ಟರೆ ಕೆಳಗಿನ ಹಿಮ ಅದುಮಿ ಗಟ್ಟಿಯಾಗುತ್ತದೆ. ಆಮೇಲೆ ಬಿರುಗಾಳಿ ಬಂದರೆ ಸುತ್ತಲಿನ ಸಡಿಲ ಹಿಮವನ್ನು ಕೆರೆದು ಒಯ್ಯುತ್ತದೆ. ಅದುಮಿದ್ದು ಮಾತ್ರ ಉಳಿಯುತ್ತದೆ. ಒಂದೆರಡು ಚಳಿಗಾಲ ಕಂಡವರಿಗೆ ಇದು ಗೊತ್ತು.

"ಹಿಮ ಬಿದ್ದದ್ದು ಯಾವಾಗ ನಿಂತಿತು?" ಎಂದ ತಾದೆಯೊ.

"ಬೆಳಿಗ್ಗೆ ಐದಕ್ಕೆ. ನಾಯಿಗಳು ಎದ್ದು ಮೈ ಕೊಡವಿಕೊಂಡ ಸದ್ದು ಹಾಸಿಗೆಗೇ ಕೇಳಿಸ್ತು."

"ಗಾಳಿ ಶುರುವಾದದ್ದು ಏಳಕ್ಕೆ. ಹಾಗಾದ್ರೆ ಈ ಹೆಜ್ಜೆ ಐದರಿಂದ ಏಳರ ಒಳಗೆ ಇಟ್ಟದ್ದು. ಒಂಬತ್ತರ ಮೇಲೆ ಗಾಳಿಯಲ್ಲಿ ನಡೆದವನ ಹೆಜ್ಜೆ ಹೀಗೆ ನಿಲ್ಲಲ್ಲ."

ಬೆನಿತೆಸ್ ಬಗ್ಗಿ ಎಣಿಸುತ್ತಾ ಹೋದ. ಸ್ವಲ್ಪ ದೂರ ಹೋಗಿ ನಿಂತ. ತಿರುಗಿದಾಗ ಅವನ ದನಿ ಬೇರೆಯಾಗಿತ್ತು.

"ದೋನ್ ತಾದೆಯೊ. ಹೋಗೋವಾಗ ಎರಡು ಸಾಲು ಇದೆ. ಅಕ್ಕಪಕ್ಕ. ಇಬ್ಬರು ಮಾತಾಡಿಕೊಂಡು ಹೋದ ಹಾಗೆ."

"ಬರೋವಾಗ?"

"ಒಂದೇ."

ಬೂದಿ ಬೆಳಕು ಆರುತ್ತಿತ್ತು.

"ಹಾಗಾದ್ರೆ ಒಂಬತ್ತು ಗಂಟೆ ಚೀಟಿ ಹಾಕಿದ್ದು ಯಾರು?" ಎಂದ ಬೆನಿತೆಸ್. "ಸತ್ತವನಾ?"

* * *

ಕ್ಯಾಪ್ಟನ್ ಹೆಜ್ಜೆಗಳನ್ನು ತಾನೇ ನೋಡಿ ಬಂದ. ಬಂದವನೇ ಅಡುಗೆಯವ ಗೆರ್ವಾಸಿಯೊನನ್ನು ಉಗ್ರಾಣಕ್ಕೆ ತಳ್ಳಿ ಚಿಲಕ ಹಾಕಿದ.

"ನಿನ್ನೆ ಊಟದ ಹೊತ್ತಲ್ಲಿ ಫೆರ್ಮಿನ್ ಮೇಲೆ ಸೌಟು ಎತ್ತಿದವನು ಇವನು. ಸುಟ್ಟು ಸಾರು ಮಾಡ್ತೀನಿ ಅಂದದ್ದು ಎಲ್ಲರೂ ಕೇಳಿದ್ದೀವಿ. ಅಡುಗೆಯವನು ಐದಕ್ಕೆ ಏಳ್ತಾನೆ. ಉಳಿದವರು ಮಲಗಿದ್ವಿ. ಇನ್ನೇನು ಬೇಕು?"

"ಒಂದು ಮಾತು ಕೇಳ್ತೀನಿ ಅವನನ್ನ" ಎಂದ ತಾದೆಯೊ.

ಗೆರ್ವಾಸಿಯೊ ಆಲೂಗಡ್ಡೆ ಚೀಲದ ಮೇಲೆ ಕೂತಿದ್ದ. ದೊಡ್ಡ ಮೈಯ ಮನುಷ್ಯ. ಮುಖ ಅತ್ತು ಊದಿತ್ತು.

"ಸೌಟು ಎತ್ತಿದೆ, ಹೌದು. ಎತ್ತಬಾರ್ದಾ? ಬ್ರೆಡ್ಡಿನ ಹಿಟ್ಟು ಉಬ್ಬಿದೆಯಾ ನೋಡೋಕೆ ಅವನದೊಂದು ಉಷ್ಣಮಾಪಕ ತಗೊಂಡೆ. ಒಡೆದು ಹೋಯ್ತು. ಮುಚ್ಚಿಬಿಡೋ ತಮ್ಮಾ ಅಂದೆ. ಆ ಸಂತ ಏನ್ಮಾಡಿದ ಗೊತ್ತಾ? 'ಅಡುಗೆಯವರ ಹಿಟ್ಟಿನಲ್ಲಿ ಒಡೆಯಿತು' ಅಂತ ಸರ್ಕಾರಿ ಪುಸ್ತಕದಲ್ಲಿ ಬರೆದ! ಐವತ್ತು ವರ್ಷ ಬಿಟ್ಟು ಯಾರೋ ಓದಿ ನಗ್ತಾರೆ. ಆಮೇಲೆ ಅವನೇ ಬಂದು ನನ್ನ ಪಾತ್ರೆ ತೊಳೆದುಕೊಟ್ಟ. ಅಂಥವನನ್ನ ನಾನು..." ಅವನು ತೋಳಿನಿಂದ ಮುಖ ಒರೆಸಿಕೊಂಡ.

"ಬೆಳಿಗ್ಗೆ ಹೊರಗೆ ಹೋಗಿದ್ದೆಯಾ?"

"ಒಂಬತ್ತು ಗಂಟೆಗೆ. ಮಾಂಸದ ಗವಿಗೆ."

"ಆ ಗಾಳಿಯಲ್ಲಾ?"

"ಗಾಳಿ ಇದ್ದರೇನು, ಹೊಟ್ಟೆ ಕೇಳುತ್ತಾ? ಹಗ್ಗ ಹಿಡ್ಕೊಂಡು ಹೋದೆ. ಆದ್ರೆ ಚಳಿ ಇರಲಿಲ್ಲ ಬಿಡಿ. ಬೆಟ್ಟದ ಗಾಳಿಯಲ್ವಾ? ಬೆಚ್ಚಗಿತ್ತು. ಗಡ್ಡದಲ್ಲಿದ್ದ ಮಂಜೆಲ್ಲ ಕರಗಿ ಕುತ್ತಿಗೆಗೆ ಇಳೀತು. ಸೂರಿನಿಂದ ನೀರು ತೊಟ್ಟಿಕ್ತಾ ಇತ್ತು."

ತಾದೆಯೊ ಎದ್ದು ನಿಂತ. "ಇನ್ನೊಂದ್ಸಲ ಹೇಳು."

"ಏನು? ನೀರು ತೊಟ್ಟಿಕ್ತಾ ಇತ್ತು ಅಂತಲಾ?"

ತಾದೆಯೊ ಅಡುಗೆಯವನ ದಪ್ಪ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟ. "ರಾತ್ರಿ ಸಾರಿಗೆ ಈರುಳ್ಳಿ ಹೆಚ್ಚು. ನಿನ್ನ ಬಾಗಿಲು ತೆಗೆಸ್ತೀನಿ."

* * *

ಹವಾಮಾನದ ಕೋಣೆ ಅಚ್ಚುಕಟ್ಟಾಗಿತ್ತು. ಚೂಪು ಮಾಡಿದ ನಾಲ್ಕು ಪೆನ್ಸಿಲ್ಲುಗಳು ಒಂದೇ ಅಳತೆಯಲ್ಲಿ ಮಲಗಿದ್ದವು. ಗೋಡೆಯ ಮೇಲೆ ತಾಯಿಯ ಚಿತ್ರವಿತ್ತು. ತಾದೆಯೊ ಅದರ ಮುಂದೆ ಒಂದು ಗಳಿಗೆ ನಿಂತು, ನಂತರ ಪುಸ್ತಕ ತೆರೆದ.

ಆರು ಗಂಟೆ: ಸೊನ್ನೆಗಿಂತ ಇಪ್ಪತ್ತೈದು ಪಾಯಿಂಟ್ ಎಂಟು ಕೆಳಗೆ. ಒಂಬತ್ತು ಗಂಟೆ: ಇಪ್ಪತ್ತಾರು ಪಾಯಿಂಟ್ ನಾಲ್ಕು. ಒಂಬತ್ತರ ಸಾಲೂ ಫೆರ್ಮಿನ್ ಬರೆದ ಹಾಗೇ ಕಾಣುತ್ತಿತ್ತು.

ಅವನು ಮತ್ತೆ ಬಿಳಿ ಪೆಟ್ಟಿಗೆಗೆ ಹೋದ. ಅದರೊಳಗೆ ಒಂದು ಉರುಳೆ ಇತ್ತು. ಅದಕ್ಕೆ ಸುತ್ತಿದ ಕಾಗದದ ಮೇಲೆ ಮಸಿಯ ಮುಳ್ಳು ಹಗಲೂ ರಾತ್ರಿ ಚಳಿಯ ಗೆರೆ ಎಳೆಯುತ್ತಿತ್ತು. ಏಳು ಗಂಟೆಯ ತನಕ ಗೆರೆ ಕೆಳಗೆ ಮಲಗಿತ್ತು. ಆಮೇಲೆ ಮೆಟ್ಟಿಲು ಹತ್ತಿದ ಹಾಗೆ ಎದ್ದಿತ್ತು. ಒಂಬತ್ತು ಗಂಟೆಗೆ ಅದು ಸೊನ್ನೆಗಿಂತ ಒಂದೇ ಗೆರೆ ಮೇಲೆ ನಿಂತಿತ್ತು. ಹನ್ನೊಂದರ ಮೇಲೆ ಮತ್ತೆ ಕುಸಿದಿತ್ತು.

ತಾದೆಯೊ ಕಾಗದ ಬಿಚ್ಚಿ ಎದೆಯ ಜೇಬಿಗೆ ಇಟ್ಟುಕೊಂಡ. ಕೋಣೆಗೆ ಮರಳಿ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದ. ಏಪ್ರಿಲ್ಲಿನಲ್ಲಿ ಎಂಟು ದಿನ ಬೇರೆ ಅಕ್ಷರ. ಮೇ ಹದಿನಾಲ್ಕರ ಪುಟದ ಅಂಚಿನಲ್ಲಿ ಫೆರ್ಮಿನ್ ಪೆನ್ಸಿಲ್ಲಿನಲ್ಲಿ ಒಂದು ಚಿಕ್ಕ ಪ್ರಶ್ನೆಚಿಹ್ನೆ ಹಾಕಿದ್ದ. ಪಕ್ಕದಲ್ಲಿ ಬರೆದದ್ದು ಇಷ್ಟೇ: 'ಗಳುಗಳು?'

ಹಿಮ ಎಷ್ಟು ಏರಿತು, ಎಷ್ಟು ಕರಗಿತು ಎಂದು ಅಳೆಯಲು ಗುಡ್ಡದಾಚೆಯ ಹಿಮನದಿಯಲ್ಲಿ ಬಿದಿರ ಗಳುಗಳನ್ನು ನೆಟ್ಟಿದ್ದರು. ಅವುಗಳನ್ನು ನೋಡಿ ಬರುವವನು ಒಬ್ಬನೇ.

ಗಡಿಯಾರ ಐದು ತೋರಿಸುತ್ತಿತ್ತು.

* * *

ಊಟದ ಕೋಣೆಯಲ್ಲಿ ಆರೂ ಜನ ಸೇರಿದರು. ಗೆರ್ವಾಸಿಯೊನನ್ನೂ ಕರೆತಂದಿದ್ದರು. ಕಹಿ ಎಲೆಗಷಾಯದ ಸೋರೆಬುರುಡೆ ಕೈಯಿಂದ ಕೈಗೆ ಹೋಗುತ್ತಿತ್ತು. ಯಾರಿಗೂ ಬೇಕಿರಲಿಲ್ಲ, ಯಾರೂ ಬೇಡವೆನ್ನಲಿಲ್ಲ.

"ಎಂಜಿನಿಯರ್ ಸಾಹೇಬ್ರೇ" ಎಂದ ತಾದೆಯೊ. "ಮೇ ಹದಿನಾಲ್ಕಕ್ಕೆ ನೀವು ಹಿಮನದಿ ಮೇಲಿದ್ರಿ ಅಲ್ವಾ?"

ಲಾರೆತಾ ತಲೆಯೆತ್ತಿದ. "ಇದ್ದೆ. ಎರಡು ದಿನ. ಯಾಕೆ?"

"ಹೇಗಿತ್ತು ಹವೆ?"

"ಘೋರ. ಬೆಟ್ಟದಿಂದ ಬಿರುಗಾಳಿ. ನಿಂತು ಗಳು ಅಳೆಯೋಕೇ ಆಗ್ತಿರಲಿಲ್ಲ. ಚಳಿಗೆ ಮುಖ ಸುಟ್ಟುಹೋಯ್ತು. ನನ್ನ ಟಿಪ್ಪಣಿಯಲ್ಲಿ ಎಲ್ಲ ಇದೆ. ಒಂದು ಗೇಣು ಹೊಸ ಹಿಮ ಏರಿತ್ತು."

ಗೆರ್ವಾಸಿಯೊ ಬುರುಡೆಯನ್ನು ಮೇಜಿನ ಮೇಲೆ ಕುಕ್ಕಿದ.

"ಯಾವ ಚಳಿ ಮಾರಾಯ? ಅವತ್ತು ನಾನು ಕ್ಯಾಪ್ಟನ್ ಸಾಹೇಬ್ರ ಚಡ್ಡಿ ಹೊರಗೆ ಒಣಹಾಕಿದ್ದೆ! ಒಣಗಿತು ಕೂಡ. ಆಮೇಲೆ ಗಾಳಿ ಹೊತ್ಕೊಂಡು ಹೋಯ್ತು, ಯಾವ ಸೀಲು ಹಾಕ್ಕೊಂಡು ತಿರುಗ್ತಿದೆಯೋ."

ಬೆನಿತೆಸ್ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಕ್ಯಾಪ್ಟನ್ ನಗಲಿಲ್ಲ. ಅವನು ಲಾರೆತಾನ ಮುಖವನ್ನೇ ನೋಡುತ್ತಿದ್ದ.

"ಆ ಬೆಟ್ಟದ ಗಾಳಿ ಚಳಿಗಾಲಕ್ಕೆ ಒಂದೆರಡು ಸಲ ಬರುತ್ತೆ" ಎಂದ ತಾದೆಯೊ. "ಇಳಿದು ಬರುವಾಗ ಬಿಸಿಯಾಗುತ್ತೆ. ಹಿಮ ಏರಿಸಲ್ಲ, ಕರಗಿಸುತ್ತೆ. ಅವತ್ತು ಹೊರಗಿದ್ದವರಿಗೆಲ್ಲ ಗೊತ್ತು. ನೀವು ಗುಡ್ಡದಾಚೆ ಆಸರೆಯ ಗುಡಿಸಲಲ್ಲಿ ಬಾಗಿಲು ಹಾಕ್ಕೊಂಡು, ಸ್ಟವ್ ಪಕ್ಕ ಕೂತು, ಗಳುಗಳ ಅಳತೆ ಬರೆದ್ರಿ. ಗಾಳಿಯ ಸದ್ದು ಕೇಳಿದ್ರಿ. ಗಾಳಿ ಅಂದ್ರೆ ಚಳಿ ಅಂದ್ಕೊಂಡ್ರಿ."

"ಇದಕ್ಕೂ ಫೆರ್ಮಿನ್ ಸಾವಿಗೂ ಏನು ಸಂಬಂಧ?" ಲಾರೆತಾನ ದನಿ ಇನ್ನೂ ಮೃದುವಾಗಿಯೇ ಇತ್ತು.

ತಾದೆಯೊ ಉರುಳೆಯ ಕಾಗದವನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಒಂಬತ್ತು ಗಂಟೆಯ ಚೀಟಿಯನ್ನು ಇಟ್ಟ.

"ಫೆರ್ಮಿನ್ ಆರು ಗಂಟೆಗೆ ಹೊರಗೆ ಹೋದ. ಓದಿ ಬಂದು ಬರೆದ, ಚೀಟಿ ಹಾಕಿದ. ಆಮೇಲೆ ಯಾರೋ ಕರೆದ್ರು. ಹೊಸ ಹಿಮದ ಮೇಲೆ ಇಬ್ಬರೂ ನಡೆದ್ರು. ಒಬ್ಬ ವಾಪಸ್ ಬಂದ. ಏಳಕ್ಕೆ ಗಾಳಿ ಎದ್ದಿತು. ಹೆಜ್ಜೆಯೆಲ್ಲ ಅಳಿಸಿಹೋಯ್ತು ಅಂತ ಬಂದವನು ನೆಮ್ಮದಿಯಾದ. ಈ ನೆಲದಲ್ಲಿ ಗಾಳಿ ಹೆಜ್ಜೆಯನ್ನ ಅಳಿಸಲ್ಲ, ಎತ್ತಿ ನಿಲ್ಲಿಸುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ."

ತಾದೆಯೊ ಚೀಟಿಯ ಮೇಲೆ ಬೆರಳಿಟ್ಟ.

"ಒಂಬತ್ತಕ್ಕೆ ಹುಡುಗ ಬದುಕಿದ್ದ ಅಂತ ತೋರಿಸಬೇಕಿತ್ತು. ಯಾಕಂದ್ರೆ ಒಂಬತ್ತರಿಂದ ಆ ವಾಪಸ್ ಬಂದವನು ಡಾಕ್ಟರು, ಸಾಹೇಬ್ರ ಜೊತೆ ಇಸ್ಪೀಟ್ ಆಡೋಕೆ ಕೂತ. ಅದಕ್ಕೆ ಮುಂಚೆ ಹವಾಮಾನದ ಕೋಣೆಗೆ ಹೋಗಿ ಫೆರ್ಮಿನ್ ಹೆಸರಲ್ಲಿ ಪುಸ್ತಕ ಬರೆದ. ವಾಯುಭಾರ ಸರಿ, ಗಾಳಿಯ ವೇಗ ಸರಿ. ಅವೆರಡೂ ಒಳಗೇ ಕಾಣುತ್ವೆ. ಚಳಿ ಮಾತ್ರ ಹೊರಗೆ ಹೋಗಿ ನೋಡಬೇಕು. ಹೋಗಲಿಲ್ಲ. ಆರು ಗಂಟೆಯ ಅಂಕಿ ನೋಡಿ, ಗಾಳಿ ಬಂದಿದೆಯಲ್ಲ, ಸ್ವಲ್ಪ ಇಳಿದಿರುತ್ತೆ ಅಂತ ಇಪ್ಪತ್ತಾರು ಬರೆದ. ನಿಜವಾದ ಚಳಿ ಸೊನ್ನೆಯ ಹತ್ತಿರ ಇತ್ತು. ಈ ಗೆರೆ ನೋಡಿ, ಸಾಹೇಬ್ರೇ."

ಕ್ಯಾಪ್ಟನ್ ನೋಡಿದ. ಡಾಕ್ಟರ್ ಬಗ್ಗಿ ನೋಡಿ ಹಣೆ ಒತ್ತಿಕೊಂಡ.

"ಸೊನ್ನೆಯ ಹತ್ತಿರ ಆದ್ರೆ ಮೂರು ಗಂಟೆಯಲ್ಲಿ ಮೈ ಹಾಗೆ ಮರಗಟ್ಟೋಕೆ ಸಾಧ್ಯವೇ ಇಲ್ಲ" ಎಂದ. "ಆ ಅಂಕಿಯನ್ನ ನಾನು ನಂಬಿಬಿಟ್ಟೆ."

"ನಾನೂ ನಂಬಿದೆ ಡಾಕ್ಟ್ರೇ. ನಾನೇ ಅದನ್ನ ಲೋಕಕ್ಕೆಲ್ಲ ಕಳಿಸಿದೆ." ತಾದೆಯೊ ಎಲ್ಲರ ಕಡೆಗೂ ತಿರುಗಿದ. "ಗೆರ್ವಾಸಿಯೊ ಒಂಬತ್ತಕ್ಕೆ ಹೊರಗಿದ್ದ. ಬೆನಿತೆಸ್ ಎಂಟರಿಂದ ನಾಯಿಗಳ ಹತ್ತಿರ ಇದ್ದ. ಬೆಚ್ಚಗಿತ್ತು ಅಂತ ಇಬ್ಬರಿಗೂ ಗೊತ್ತು, ಅವರು ಇಪ್ಪತ್ತಾರು ಬರೀತಿರಲಿಲ್ಲ. ಸಾಹೇಬ್ರಿಗೂ ಡಾಕ್ಟರಿಗೂ ಈ ಐದೈದು ಅಂಕಿಯ ಸಂಕೇತ ಬರಲ್ಲ. ನನಗೆ ಬರುತ್ತೆ. ನನ್ನನ್ನೂ ಸೇರಿಸಿಕೊಳ್ಳಿ. ಆದ್ರೆ ಏಪ್ರಿಲ್ಲಿನಲ್ಲಿ ಫೆರ್ಮಿನ್‌ಗೆ ಎಂಟು ದಿನ ಜ್ವರ ಬಂದಾಗ ಬೆನಿತೆಸ್ ಹೊರಗೆ ಹೋಗಿ ಓದ್ತಿದ್ದ. ಒಳಗೆ ಕೂತು ಸಂಕೇತ ಬರೀತಿದ್ದವರು ಯಾರು?"

"ಎಂಜಿನಿಯರ್" ಎಂದ ಬೆನಿತೆಸ್. "ಒಂದು ದಿನವೂ ಹೊರಗೆ ಬರಲಿಲ್ಲ. ಕಾಲು ನೋವು ಅಂತಿದ್ರು."

ಲಾರೆತಾ ತನ್ನ ಕೈಗಳನ್ನು ನೋಡಿಕೊಂಡ. ಮಾತಾಡಿದಾಗ ಆ ಮೃದುತನ ಎಲ್ಲೂ ಇರಲಿಲ್ಲ.

"ಹತ್ತು ವರ್ಷ ಕಾದಿದ್ದೆ ಇಲ್ಲಿಗೆ ಬರೋಕೆ. ಬಂದ ಮೇಲೆ ಗೊತ್ತಾಯ್ತು, ನನಗೆ ಭಯ. ಆ ಬಿಳಿ ಬಯಲಲ್ಲಿ ಒಬ್ಬನೇ ನಿಂತ್ರೆ ಉಸಿರು ನಿಲ್ಲುತ್ತೆ. ಯಾರ ಹತ್ತಿರ ಹೇಳ್ಲಿ? ಅಂಕಿಗಳನ್ನ ಊಹಿಸಿ ಬರೆದೆ. ಅವನಿಗೆ ತನ್ನ ಪುಸ್ತಕದ ಪಕ್ಕ ನನ್ನದನ್ನ ಇಟ್ಟು ನೋಡೋ ಹುಚ್ಚು. ಒಂದು ಪುಟ ಬದಲಾಯಿಸು ಅಂತ ಬೇಡಿಕೊಂಡೆ. ಬನ್ನಿ, ಇಬ್ಬರೂ ಹೋಗಿ ಗಳುಗಳನ್ನ ಮೊದಲಿಂದ ಅಳೆಯೋಣ, ನಾನು ಜೊತೆಗೆ ಬರ್ತೀನಿ, ಭಯ ಬೇಡ ಅಂದ. ನನ್ನ ಭಯ ಅವನಿಗೆ ಗೊತ್ತಾಗಿಬಿಟ್ಟಿತ್ತು. ಅದಕ್ಕೇ... ಕೈಯಲ್ಲಿ ಅಳತೆಯ ಗಳು ಇತ್ತು."

"ಅವನು ತಕ್ಷಣ ಸತ್ತನಾ?" ಎಂದ ಡಾಕ್ಟರ್.

ಲಾರೆತಾ ಮುಖ ಮುಚ್ಚಿಕೊಂಡ.

"ಕೋಟು ತೆಗೆದದ್ದು ನೀನಾ?" ಎಂದ ಗೆರ್ವಾಸಿಯೊ. "ಉಸಿರಾಡ್ತಿದ್ದ ಹುಡುಗನ ಕೋಟು ತೆಗೆದೆಯಾ?"

ಗೆರ್ವಾಸಿಯೊ ಎದ್ದ. ಬೆನಿತೆಸ್ ಅವನ ಸೊಂಟ ಹಿಡಿದ. ಕ್ಯಾಪ್ಟನ್ ಲಾರೆತಾನ ತೋಳು ಹಿಡಿದು ಎಬ್ಬಿಸಿ, ಉಗ್ರಾಣದ ಕಡೆಗೆ ನಡೆಸಿಕೊಂಡು ಹೋದ. ಆರಕ್ಕೆ ಹತ್ತು ನಿಮಿಷ ಇತ್ತು.

* * *

ಕೇಂದ್ರ ಕಚೇರಿಗೆ ಹೊಸ ಸುದ್ದಿ ಹೋಯಿತು. ಅದರಲ್ಲಿ 'ಸ್ವಇಚ್ಛೆ' ಎಂಬ ಮಾತು ಇರಲಿಲ್ಲ. ತಾಯಿಗೆ ತಾನೇ ಹೇಳುತ್ತೇನೆ ಎಂದು ತಾದೆಯೊ ಅಪ್ಪಣೆ ಕೇಳಿದ. ಕ್ಯಾಪ್ಟನ್ ಆಗಲಿ ಎಂದ.

ಕೇಂದ್ರ ಕಚೇರಿ ರೇಡಿಯೋ ದನಿಯನ್ನು ಟೆಲಿಫೋನಿಗೆ ಜೋಡಿಸಿಕೊಡುತ್ತಿತ್ತು. ಫೆರ್ಮಿನ್‌ನ ಊರಿನಲ್ಲಿ ಟೆಲಿಫೋನ್ ಇದ್ದದ್ದು ಪಾದ್ರಿಯ ಮನೆಯಲ್ಲಿ. ತಾಯಿ ದೋನ್ಯಾ ಎದೆಲ್ಮಿರಾಳನ್ನು ಕರೆತರಲು ಮುಕ್ಕಾಲು ಗಂಟೆ ಹಿಡಿಯಿತು. ದನಿ ಬಂದಾಗ ಅದರ ಸುತ್ತ ಸಮುದ್ರದ ಹಾಗೆ ಸದ್ದು ಮೊರೆಯುತ್ತಿತ್ತು.

"ಇವತ್ತು ಭಾನುವಾರ ಅಲ್ಲವಲ್ಲಪ್ಪ" ಎಂದಳು ಅವಳು. "ಮಗನ ಸರದಿ ಭಾನುವಾರ ಅಂದಿದ್ದ."

ತಾದೆಯೊ ಹೇಳಿದ. ಮೆಲ್ಲಗೆ, ಒಂದೂ ಬಿಡದೆ ಹೇಳಿದ. ಅವನು ತಾನಾಗಿ ಹೋಗಲಿಲ್ಲ, ಅಮ್ಮಾ. ಸುಳ್ಳು ಬರೆಯಲು ಒಪ್ಪಲಿಲ್ಲ. ಅದಕ್ಕೆ ಒಬ್ಬ ಕೈಯೆತ್ತಿದ. ಕೊನೆಯಲ್ಲೂ ಆ ಮನುಷ್ಯನಿಗೆ ಭಯಪಡಬೇಡ, ಜೊತೆಗೆ ಬರುತ್ತೇನೆ ಎಂದು ಹೇಳಿದ. ಊರಿನ ಪಾದ್ರಿ ಗಂಟೆ ಬಾರಿಸಲಿ. ನಾವು ಇಲ್ಲಿ ಜಪಮಾಲೆ ಹೇಳುತ್ತೇವೆ. ನವೆಂಬರಿನಲ್ಲಿ ಅವನನ್ನು ನಿಮ್ಮ ಮನೆ ಬಾಗಿಲಿಗೆ ನಾನೇ ತಂದು ಒಪ್ಪಿಸುತ್ತೇನೆ.

ಬಹಳ ಹೊತ್ತು ಬರಿಯ ಮೊರೆತ. ಆಮೇಲೆ ಅಳುವಿನ ಸದ್ದು. ತಾದೆಯೊ ಕಿವಿಯಿಂದ ಯಂತ್ರ ತೆಗೆಯಲಿಲ್ಲ. ಅವಳು ಅಳುವಷ್ಟು ಹೊತ್ತೂ ಕೇಳುತ್ತ ಕೂತಿದ್ದ. ಇಂಥ ಅಳುವನ್ನು ಯಾರೂ ಒಬ್ಬರೇ ಅಳಬಾರದೆಂದು ಅವನಿಗೆ ತಿಳಿದಿತ್ತು.

"ಇದ್ದೀಯಾ ಅಣ್ಣಾ?" ಎಂದಳು ಕೊನೆಗೆ.

"ಇದ್ದೀನಿ ತಾಯಿ."

"ಆ ಮನುಷ್ಯನಿಗೆ ತಾಯಿ ಇದ್ದಾಳಾ?"

ತಾದೆಯೊ ಉಗ್ರಾಣದ ಕಡೆಗೆ ನೋಡಿದ. "ಇದ್ದಾಳೆ. ರೊಸಾರಿಯೊದಲ್ಲಿ."

"ಅವ್ಳಿಗೆ ಹೇಳಿದ್ರಾ?"

"ಇಲ್ಲ."

"ಪೊಲೀಸ್ನೋರು ಹೋಗಿ ಹೇಳೋದು ಬೇಡ. ನನಗೆ ಹೇಳಿದ ಹಾಗೇ ಹೇಳು ಅವ್ಳಿಗೂ. ಅಷ್ಟೇ ಮೆಲ್ಲಗೆ." ಮತ್ತೆ ಅಳು ಉಕ್ಕಿತು. ಸಂಪರ್ಕ ಕಡಿದುಹೋಯಿತು.

ತಾದೆಯೊ ಕಾಗದ, ಪೆನ್ಸಿಲ್ ತೆಗೆದುಕೊಂಡು ಉಗ್ರಾಣದ ಬಾಗಿಲು ತಟ್ಟಿದ. ಬೆನಿತೆಸ್ ಚಿಲಕ ತೆಗೆದ. ಲಾರೆತಾ ಆಲೂಗಡ್ಡೆ ಚೀಲದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ.

"ನಿಮ್ಮ ಅಮ್ಮನ ಮನೆ ಟೆಲಿಫೋನ್ ನಂಬರ್ ಹೇಳಿ" ಎಂದ ತಾದೆಯೊ.

ಲಾರೆತಾ ತಿರುಗಿ ನೋಡಿದ. ಒಂದೊಂದೇ ಅಂಕಿ ಹೇಳಿದ. ತಾದೆಯೊ ಬರೆದುಕೊಂಡು, ಎಲ್ಲವನ್ನೂ ಒಮ್ಮೆ ಗಟ್ಟಿಯಾಗಿ ಓದಿ, ಸರಿಯೇ ಎಂದು ಕೇಳಿದ.